ತಿದ್ದುಪಡಿ

ಮೂರು ನಿಮಿಷ ಎಂದಿದ್ದಾರೆ. ಮೇಜಿನ ಮೇಲೆ
ಹಸಿರು, ಹಳದಿ, ಕೆಂಪು ದೀಪದ ಪುಟ್ಟ ಡಬ್ಬಿ.
ಮ್ಯಾಡಿಸನ್ನಿನ ಶಾಸನಭವನ, ನಾಲ್ಕನೆಯ ಮಹಡಿ,
ಹೊರಗೆ ಮಾರ್ಚ್ ತಿಂಗಳ ಕೊಳಕು ಹಿಮ.
ಎರಡನೆಯ ಸಾಲಿನಲ್ಲಿ ಡಾರ್ಲೀನ್
ನನ್ನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ.

ಆ ದೀಪ ನೋಡಿ ನಗು ಬಂತು, ಎಂಥದೋ ನಗು:
ಅಂದು ರಾತ್ರಿಯೂ ಹಸಿರು ಇವರದೇ ಆಗಿತ್ತು.

ಡಾರ್ಲೀನ್ ಮೊದಲ ಸಲ ಬಂದದ್ದು ಆಸ್ಪತ್ರೆಗೆ.
ಕೈಯಲ್ಲಿ ಬೇಯಿಸಿದ ಆಲೂಗಡ್ಡೆಯ ತಟ್ಟೆ, ಒಂದು ಖಾಲಿ ಫೈಲು.
ಮಗನನ್ನು ಕಳಕೊಂಡು ಒಂಬತ್ತು ವರ್ಷವಂತೆ,
ಅದನ್ನು ಹೇಳಿದ್ದು ಮೂರನೆಯ ಭೇಟಿಯಲ್ಲಿ.
ಆ ದಿನ ಹೇಳಿದ್ದು ಇಷ್ಟೇ: ಅವರ ಅಂಗಿ ಒಗೆಯಬೇಡ.
ವಿಮೆಯವರು ಕೇಳಿದರೆ ಚೆನ್ನಾಗಿದ್ದೇವೆ ಅನ್ನಬೇಡ.
ಆಕ್ಸಿಡೆಂಟ್ ಅನ್ನಲೇಬೇಡ,
ಅದು ಯಾರೂ ಮಾಡದ ಕೆಲಸದ ಹೆಸರು.

ನನ್ನ ಭಾಷೆಯಲ್ಲಿ ಹುಡುಕಿದೆ. ಆಕಸ್ಮಿಕ? ಅಲ್ಲ.
ಅಪಘಾತ. ಇರಲಿ, ಅದರ ಹೊಟ್ಟೆಯಲ್ಲಿ ಘಾತವಾದರೂ ಇದೆ,
ಹೊಡೆದವನೊಬ್ಬ ಇದ್ದಾನೆಂದು ಒಪ್ಪುತ್ತದೆ.
ದಾವಣಗೆರೆಯಿಂದ ಅತ್ತಿಗೆ ಫೋನಿನಲ್ಲಿ ಅತ್ತರು:
ಹಣೆಬರಹ ಕಣೇ.

ಇವರ ಹಣೆಯಲ್ಲಿ ಇಪ್ಪತ್ತೆರಡು ಹೊಲಿಗೆ.
ಬೆರಳಿಟ್ಟು ಓದಿದ್ದೇನೆ. ಅಕ್ಷರವೇನೂ ಕಾಣಲಿಲ್ಲ.

ಬರಹ ಇದ್ದದ್ದು ಬೇರೆ ಕಡೆ.
ಹೊಡೆದವನು, ಟ್ರಾವಿಸ್ ಎಂಬ ಛಾವಣಿ ಕೆಲಸದವನು,
ಹಿಂದಿನ ವರ್ಷವೂ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದ.
ಈ ರಾಜ್ಯದಲ್ಲಿ ಮೊದಲ ಸಲ ಅಪರಾಧವಲ್ಲ,
ಒಂದು ಚೀಟಿ. ವೇಗ ಮೀರಿದವರಿಗೆ ಹರಿದು ಕೊಡುವಂಥದು.
ದಂಡ ಕಟ್ಟಿದ. ಕೆಲವು ತಿಂಗಳು ಬಸ್ಸು ಹಿಡಿದ.
ಆಮೇಲೆ ಅದೇ ಪಿಕಪ್ಪು, ಅದೇ ಬಾರು, ಅದೇ ತಿರುವು.

ಕೋರ್ಟಿನಲ್ಲಿ ಅವನ ತಾಯಿ
ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದಳು.
ತೆಗೆದುಕೊಂಡೆ.
ಅದರ ಅರ್ಥ ಏನೆಂದು ಇನ್ನೂ ಗೊತ್ತಿಲ್ಲ.

ಹಳದಿ ಬರುವ ಮೊದಲು ಇದೊಂದು ಹೇಳಬೇಕು.

ಸನ್ಮಾನ್ಯರೇ, ನನ್ನ ಗಂಡ ಗಣಿತದ ಮೇಷ್ಟ್ರು.
ಈಗ ಚಮಚಕ್ಕೆ 'ಅದು, ಅದು' ಅನ್ನುತ್ತಾರೆ,
ಹದಿನೇಳರ ಮಗ್ಗಿ ಮಾತ್ರ ಒಂದೂ ತಪ್ಪುವುದಿಲ್ಲ.
ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು.
ಅದಕ್ಕೆಂದು ಕೊಟ್ಟಿದ್ದಾರೆ ಪ್ಲಾಸ್ಟಿಕ್ಕಿನ ಪೆಟ್ಟಿಗೆ,
ಒಳಗೆ ನೀಲಿ ಚೆಂಡು ಮೂರು.
ಕೊಳವೆ ಬಾಯಿಗಿಟ್ಟು ಉಸಿರು ಎಳೆಯಬೇಕು, ಗಂಟೆಗೆ ಹತ್ತು ಸಲ.
ಮೊದಲನೆಯದು ಏಳುತ್ತದೆ. ಎರಡನೆಯದು ನಡುಗುತ್ತದೆ.
ಮೂರನೆಯದು ಆರು ತಿಂಗಳಿಂದ ಕೂತಲ್ಲೇ ಕೂತಿದೆ.

ನಿಮ್ಮ ಮುಂದಿನ ಮಸೂದೆ ಕೇಳುವುದು ಹೆಚ್ಚೇನಲ್ಲ:
ಮೊದಲ ಸಲ ಸಿಕ್ಕ ಪ್ರತಿಯೊಬ್ಬನ ಗಾಡಿಗೂ ಒಂದು ಕೊಳವೆ.
ಊದಬೇಕು. ಉಸಿರು ಶುಭ್ರವಿದ್ದರೆ ಎಂಜಿನ್ನು ಏಳುತ್ತದೆ.
ಇವರು ದಿನವಿಡೀ ಎಳೆಯುತ್ತಿದ್ದಾರೆ.
ಅವರು ಒಂದೇ ಒಂದು ಸಲ ಬಿಡಲಿ.

ಕೆಂಪು.

ಒಬ್ಬ ಸದಸ್ಯ ಕನ್ನಡಕ ಒರೆಸಿಕೊಂಡ.
ಇನ್ನೊಬ್ಬಳು ಫೋನು ನೋಡುತ್ತಿದ್ದಳು.
ಸಮಿತಿ ಮತ್ತೆ ಸೇರುವುದು ಏಪ್ರಿಲ್‌ನಲ್ಲಿ. ಸೇರಿದರೆ.

ಹಣೆಬರಹ ತಿದ್ದಲು ಬಾರದು ಅತ್ತಿಗೆ, ಒಪ್ಪಿದೆ.
ಆದರೆ ಇದು ಕಾಗದದ ಬರಹ. ಅಂಚಿಗೆ ಜಾಗ ಬಿಟ್ಟು
ಸಾಲುಸಾಲಿಗೂ ಸಂಖ್ಯೆ ಹಾಕಿ ಅಚ್ಚು ಮಾಡಿದ್ದಾರೆ,
ತಿದ್ದಲೆಂದೇ.

ಮೆಟ್ಟಿಲಿಳಿಯುವಾಗ ಡಾರ್ಲೀನ್‌ಗೆ ಫೋನು ಬಂತು.
ಜೇನ್ಸ್‌ವಿಲ್. ತಮ್ಮ ಐಸಿಯುನಲ್ಲಿ, ಅಕ್ಕ ಒಬ್ಬಳೇ.
ದಾರಿಯಲ್ಲಿ ನಿಂತು ಒಂದು ಖಾಲಿ ಫೈಲು ಕೊಂಡೆವು.
ಬೆಳಿಗ್ಗೆಯ ಚಿತ್ರಾನ್ನ ಡಬ್ಬಿಯಲ್ಲಿ ಹಾಗೇ ಇತ್ತು.
ಅಂಗಿಯ ಮಾತು, ವಿಮೆಯ ಮಾತು ಈ ಸಲ ನಾನೇ ಹೇಳುತ್ತೇನೆ ಅಂದೆ.
ಹೇಳು, ಅಂದಳು ಗೇರು ಬದಲಿಸುತ್ತಾ,
ಮೊದಲು ಸ್ವಲ್ಪ ಹೊತ್ತು ಅವಳ ಪಕ್ಕ ಸುಮ್ಮನೆ ಕೂರೋಣ.