ಏಳು ವ್ಯಾಟು

ಮೊದಲು ಬಿಳಿ ಬಲ್ಬು ಹಾಕಿದ್ದೆ.
ಕಲ್ಲು ಕಲ್ಲಿನಂಗೇ ಇತ್ತು,
ಗಾರೆಯವರು ಒಯ್ಯೋದು ಮರೆತು ಬಿಟ್ಟುಹೋದಂಗೆ.
‘ಹಳದಿ ಹಾಕು, ಏಳು ವ್ಯಾಟು,
ಎಡದಿಂದ, ಓರೆ’ ಅಂದರು ಮೇಡಂ.
ಏಣಿ ಸರಿಸಿ ದೀಪದ ಕುತ್ತಿಗೆ ತಿರುವಿದೆ.
ಆಗ ಎದ್ದವು
ಕಲ್ಲಿನ ಮೈತುಂಬ ಸಣ್ಣ ಸಣ್ಣ ಕುಳಿ,
ಅಮ್ಮ ಬಂದು ಹೋದ ಮುಖದಂಗೆ.
ಬಾಯಲ್ಲಿದ್ದ ಸ್ಕ್ರೂ ಉಗುಳೋದು ಮರೆತೆ.

ಈ ಕಲ್ಲು ನನಗೆ ಗೊತ್ತಿದ್ದದ್ದೇ.
ಕಪ್ಪಗಲ್ಲಿನ ಗುಡ್ಡಕ್ಕೆ ಯಾರೋ ಮದ್ದಿಟ್ಟ ದಿನ
ಉರುಳಿ ಬಂದು ಹಂಪಮ್ಮನ ಕೊಟ್ಟಿಗೆ ಮುಂದೆ ನಿಂತಿತ್ತು.
ಅವಳು ಗೋಣಿಚೀಲ ಒಣಹಾಕಿದಳು.
ಎಮ್ಮೆ ಮೈ ತಿಕ್ಕಿತು.
ಹುಡುಗರು ನಾವು ಗುಂಡುಕಲ್ಲಲ್ಲಿ ಹೊಡೆದರೆ
ಠಣ್ ಅನ್ನೋದು,
ಗಂಟೆಯಲ್ಲ, ಹಿತ್ತಾಳೆ ಕೊಡವೂ ಅಲ್ಲ,
ನಡುವಿನದೊಂದು ದನಿ, ಹಲ್ಲಿಗೆ ತಾಗೋದು.
ಉಣ್ಣೋಕೆ ಕರೆಯುವಾಗ ಹಂಪಮ್ಮ ಮೂರು ಸಲ ಬಡಿಯೋಳು.
ಅಷ್ಟೇ. ಅದನ್ನ ಯಾರೂ ನೋಡಿದ್ದಿಲ್ಲ.
ಕೇಳಿದ್ದೆವು.

ಈಗ ಬಳ್ಳಾರಿಯಲ್ಲಿ, ಗಾಜಿನೊಳಗೆ.
ಕೆಳಗೆ ಫಲಕ: ನಾದಶಿಲೆ. ನವಶಿಲಾಯುಗ. ಮುಟ್ಟಬಾರದು.
ಬಡಿದು ಬಡಿದು ಆದ ಕುಳಿ ಇವು, ಮೂರು ಸಾವಿರ ವರ್ಷ ಹಿಂದಿನವು
ಅಂತ ಮೇಡಂ ತೋರಿಸುತ್ತಿದ್ದರು.
ಒಂದೆರಡು ನಮ್ಮವೂ ಇದ್ದಾವು.
ನಾನು ಹೇಳಲಿಲ್ಲ.

ಉದ್ಘಾಟನೆಯ ಮರುದಿನ
ಹಂಪಮ್ಮನನ್ನ ಬೈಕಿನಲ್ಲಿ ಕರಕೊಂಡು ಬಂದೆ.
ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.
‘ಬಿಡಬ್ಯಾಡವ್ವ, ಇದು ಗುಡಿ ಅಲ್ಲ’ ಅಂದ ವಾಚ್‌ಮನ್ ಹೊನ್ನೂರಸಾಬ.
‘ಹಂಗಾದ್ರ ಎಲ್ಲಾರೂ ಯಾಕ ಪಿಸಿಪಿಸಿ ಮಾತಾಡ್ತೀರಿ?’

ಬಹಳ ಹೊತ್ತು ನಿಂತಳು.
‘ಚಂದ ಐತಲ್ಲೋ ಇದು’ ಅಂದಳು,
ಸಿಟ್ಟಿನಿಂದ,
ಮನೆಯವನು ಹಾಡ್ತಿದ್ದ ಅನ್ನೋದನ್ನ
ಅವನು ಸತ್ತಮೇಲೆ ಊರವರಿಂದ ಕೇಳಿದಂಗೆ.
ಆಮೇಲೆ ಬೆರಳ ಗೆಣ್ಣಿನಿಂದ ಗಾಜಿಗೆ ತಟ್ಟಿದಳು, ಮೂರು ಸಲ.
ಗಾಜು, ಗಾಜಿನ ಸದ್ದು ಮಾಡಿತು.
ಹೊನ್ನೂರಸಾಬ ಬೇರೆ ಕಡೆ ನೋಡಿದ.

ತರದೇ ಬಿಟ್ಟಿದ್ದರೆ ಕ್ರಷರಿಗೆ ಬೀಳುತ್ತಿತ್ತು,
ಯಾವುದೋ ಬೈಪಾಸಿನ ಡಾಂಬರಿನಡಿ ಜಲ್ಲಿ.
ಅದೂ ಗೊತ್ತು ನನಗೆ. ಜೆಸಿಬಿ ಬಂದು ನಿಂತಿದ್ದು ನೋಡಿದ್ದೇನೆ.

ಸಂಜೆ ಸ್ವಿಚ್ ಆರಿಸೋದು ನನ್ನ ಕೆಲಸವಲ್ಲ,
ಆವತ್ತು ನಾನೇ ಆರಿಸಿದೆ.
ಕುಳಿ ಮುಚ್ಚಿಕೊಂಡವು.
ಕಲ್ಲು ವಾಪಸ್ ಕಲ್ಲಾಯಿತು,
ಇಲ್ಲ, ಆಗಲಿಲ್ಲ ಅನ್ನಿಸಿತು.
ಕತ್ತಲಿಗೆ ಕಣ್ಣು ಒಗ್ಗುವ ತನಕ ನಿಂತೆ.
ನಾಲಿಗೆ ಸುಮ್ಮನೆ ಹಲ್ಲು ತಡಕುತ್ತಿತ್ತು.
ಹೊರಗೆ ಹಂಪಮ್ಮ ಚಪ್ಪಲಿ ಹುಡುಕುತ್ತಿದ್ದಳು.