ಯಾವ ತಿಂಗಳು ಒಳ್ಳೆಯದು

ಮನಾಮಾದ ಚಿನ್ನದಂಗಡಿಗಳ ಸಾಲು ಮುಗಿದು
ವಾಚು ರಿಪೇರಿಯವರು ಶುರುವಾಗುವ ಮೂಲೆಯಲ್ಲಿ
ಹನ್ನೊಂದು ವರ್ಷದಿಂದ ದ್ವೀಪ ಮಾರುತ್ತಿದ್ದೇನೆ.
ಅಂಗಿಯ ಪಟ್ಟಿಯಲ್ಲಿ ಜಿ. ಖಾರ್ವಿ ಅಂತಿದೆ.
ನಮ್ಮ ‘ವಿ’ಗೆ ಅರಬಿಯಲ್ಲಿ ಜಾಗ ಸಾಲದೆ
ಗಿರಾಕಿಗಳ ಬಾಯಲ್ಲಿ ನಾನು ಖಾರ್ಫಿ, ಆಮೇಲೆ ಖರೀಫಿ,
ಎಲೆಯುದುರುವ ಕಾಲದವನು.
ಋತು ಕೇಳಲು ಬಂದವರು ನಗುತ್ತಾರೆ. ನಾನೂ.
ನಗುವಿಗೆ ಕಮಿಷನ್ ಇಲ್ಲ.

ಗೋಡೆಯ ಚಿತ್ರದಲ್ಲಿ ತೆಂಗು ಒಂದೇ ಕಡೆ ಬಾಗಿದೆ.
ಬಾಗಿಸಿದ ಗಾಳಿ ಯಾವುದೆಂದು ಯಾರೂ ಕೇಳುವುದಿಲ್ಲ.
ಯಾವ ತಿಂಗಳು ಒಳ್ಳೆಯದು, ಅದೊಂದೇ.
ಮಾಲ್ದೀವ್ಸಿಗೆ ಜನವರಿ ದಾಟಲಿ, ನೀರು ತಿಳಿಯಾಗಿರುತ್ತದೆ.
ಜಾಂಜಿಬಾರಿಗೆ ಏಪ್ರಿಲ್ ಬೇಡ, ಜುಲೈ ಆಗಬಹುದು.
ಸೇಶೆಲ್ಸ್ ಅಂದರೆ ಎರಡು ಗಾಳಿಗಳ ನಡುವಿನ ಸಂದು ನೋಡಬೇಕು.
ಮಳೆಗಾಲ ಅಗ್ಗ ಮೇಡಂ, ಆದರೆ ಫೋಟೋ
ಬೂದಿ ಬಣ್ಣಕ್ಕೆ ಬರುತ್ತದೆ.

ಹೇಳುತ್ತಿದ್ದಂತೆ ಒಳಗೆ ಬೇರೊಂದು ಪಂಚಾಂಗ ಮಗುಚುತ್ತದೆ:
ಗಂಗೊಳ್ಳಿಯ ದಡಕ್ಕೆ ದೋಣಿ ಎಳೆದು ಹಾಕಿದ ಮೃಗಶಿರೆ,
ಬಂದರೆ ಮಗೆ, ಹೋದರೆ ಹೊಗೆ ಅನ್ನುತ್ತ
ಹರಿದ ಬಲೆಯೆದುರು ಕೂತ ಚಿಕ್ಕಪ್ಪ ಪಾಂಡುರಂಗ.
ಅವನ ಲೆಕ್ಕದಲ್ಲಿ ರಜೆ ಇದ್ದದ್ದು ಸಮುದ್ರಕ್ಕೆ,
ನೋಡಲು ಹೋಗುವವರಿಗಲ್ಲ.

ಕಳೆದ ಆಗಸ್ಟು. ಬಾಗಿಲು ತೆರೆದೊಡನೆ
ಕನ್ನಡಕ ಕುರುಡಾಗುವ ಮಧ್ಯಾಹ್ನ.
ಬುದಯ್ಯಾದ ಹೆಸ್ಸಾ ಮೇಡಂ ಫೆಬ್ರವರಿ ಆರಿಸಿದರು,
ನೀರಿನ ಮೇಲೆ ಕೋಣೆ,
ಕಾಲ ಕೆಳಗೆ ಗಾಜು, ಗಾಜಿನ ಕೆಳಗೆ ಮೀನು.
ಹಿಂದೆ ನಿಂತು ಮಗುವಿನ ಮೂಗೊರೆಸುತ್ತಿದ್ದವಳು
ಭೂಪಟದಲ್ಲಿ ಇನ್ನೆಲ್ಲೋ ಬೆರಳಿಟ್ಟಿದ್ದಳು.

ಶುಕ್ರವಾರ ಒಬ್ಬಳೇ ಬಂದಳು, ಎರ್ಲಿಂಡಾ.
ಫಿಲಿಪೀನ್ಸಿನ ಮೂಡಣಂಚು, ಕಟಾಂಡುವಾನೆಸ್.
ನನ್ನ ಕಂಠಪಾಠ ತಪ್ಪಲಿಲ್ಲ:
ಏಪ್ರಿಲ್ ಚೆನ್ನ, ಮೇ ಕೂಡ ಪರವಾಗಿಲ್ಲ,
ನವೆಂಬರ್ ಮಾತ್ರ ಬೇಡ, ಬಿರುಗಾಳಿ.
ನವೆಂಬರೇ ಕೊಡಿ ಅಂದಳು.
ಅಗ್ಗವೆಂದೇ? ಅದೂ ಹೌದು.
ಮೇಡಂ ಆಗಲೇ ಬಿಡುವುದೇ? ಅದೂ ಹೌದು.
ಆಮೇಲೆ ಪರ್ಸಿನ ಜಿಪ್ಪು ಎಳೆಯುತ್ತ, ನನ್ನನ್ನು ನೋಡದೆ:
‘ಸರ್, ಗಾಳಿ ಬಂದ ರಾತ್ರಿ ಮಾಡಿಗೆ ಹಗ್ಗ ಬಿಗಿಯಬೇಕು.
ಮೂಲೆ ನಾಲ್ಕು. ಮನೆಯಲ್ಲಿ ಮೂವರೇ.
ಏಪ್ರಿಲಿನಲ್ಲಿ ಹೋಗಿ ನಾನೇನು ಮಾಡಲಿ?’

ನೂರ ಮೂವತ್ತೆಂಟು ದಿನಾರು ಎಣಿಸಿದೆ,
ನೋಟಿಗೆ ಬೇಬಿ ಪೌಡರಿನ ವಾಸನೆ.
ಮನಿಲಾದವರೆಗೆ ನನ್ನ ಕೈ.
ಅದರಾಚೆ ರಾತ್ರಿ ಬಸ್ಸು, ಬೆಳಗಿನ ಹಡಗು,
ಹಡಗು ಬಿಟ್ಟರೆ. ಅದರ ವಿಷಯ
ನನ್ನ ಕಂಪ್ಯೂಟರಿಗೆ ಗೊತ್ತಿಲ್ಲ.
ಕಿಟಕಿಯ ಸೀಟು ಕೇಳಿದಳು.
ಯಾವ ಕಡೆ ಕೂತರೆ ಸಮುದ್ರ ಬೇಗ ಕಾಣುತ್ತದೆ?
ಎಡಕ್ಕೆ ಅಂದೆ.
ಮಾರಿದ ಒಂದು ದ್ವೀಪಕ್ಕೂ ಹೋಗದವನು
ಎಷ್ಟು ಧೈರ್ಯದಿಂದ ಎಡಕ್ಕೆ ಅಂದೆ.

ಷಟರ್ ಎಳೆಯುವಾಗ ನೆನಪಾಯಿತು,
ಇಲ್ಲಿಂದ ಏರುವ ವಿಮಾನಕ್ಕೆ ಎರಡೂ ಕಡೆ ಸಮುದ್ರವೇ.
ಈ ಗಲ್ಲಿ, ಈ ಕುರ್ಚಿ, ಎದುರಿನ ಶವರ್ಮಾದ ಬೆಂಕಿ,
ಎಲ್ಲ ಸುತ್ತ ನೀರಿಟ್ಟುಕೊಂಡೇ ಕೂತಿವೆ.
ಇಲ್ಲಿಗೆ ಬರಲು ಯಾವ ತಿಂಗಳು ಒಳ್ಳೆಯದೆಂದು
ಯಾರೂ ನನ್ನನ್ನು ಕೇಳಿಲ್ಲ.
ನಾನೂ ಯಾರನ್ನೂ ಕೇಳಿರಲಿಲ್ಲ,
ವೀಸಾ ಬಂದ ತಿಂಗಳು ಬಂದೆ.

ಜೂನ್. ದೋಣಿಗೆ ಮಡಲು ಹೊದೆಸಿ
ಹಗ್ಗ ಬಿಗಿಯುವ ವಾರ.
ಆಚೆ ತುದಿ ಹಿಡಿಯಲು ಚಿಕ್ಕಪ್ಪ
ಪಕ್ಕದ ಮನೆಯ ಹುಡುಗನನ್ನು ಕರೆದನಂತೆ.