ಗಿಡ್ಡ ಬೆಲ್ಟು

ಬನ್ನಿಮಂಟಪದ ಶೆಡ್ಡಿನಲ್ಲಿ ಸಿಬ್ಗತ್
ಬಾನೆಟ್ಟಿನೊಳಗೆ ಕಿವಿಯಿಟ್ಟು ಹೇಳಿದ:
"ಅಕ್ಕಾ, ಕಂಪ್ರೆಸರ್ ಸತ್ತು ಶ್ಯಾನೆ ದಿನ ಆಯ್ತು.
ಬೆಲ್ಟು ಹೆಣ ಎಳೀತಾ ಅದೆ."

ಹೊಸದಕ್ಕೆ ಹದಿನೆಂಟು ಸಾವಿರ.
ತೊಂಬತ್ತೊಂಬತ್ತರ ಜೆನ್ನು, ಇಡೀ ಗಾಡಿ ಮಾರಿದರೂ
ಅದಕ್ಕಿಂತ ಎಷ್ಟು ಹೆಚ್ಚು ಬಂದೀತು?
ತೆಗೆದುಬಿಡು ಅಂದೆ.

ನಾಲ್ಕು ಬೋಲ್ಟು. ಒಂದು ತುಕ್ಕು ಹಿಡಿದು ಹಟ ಮಾಡಿತು,
ಸೀಮೆಎಣ್ಣೆ ಕುಡಿದು ಟೀ ಹೊತ್ತಿಗೆ ಬಿಟ್ಟಿತು.
ಗ್ಯಾಸು ಇರಲೇ ಇಲ್ಲ, ಯಾವ ಬೇಸಿಗೆಯಲ್ಲಿ ಸೋರಿಹೋಯಿತೋ.
ಪೈಪಿನ ಬಾಯಿಗೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ.
ಹಳೆಯ ಬೆಲ್ಟು ಈಗ ಉದ್ದವಾಯಿತು;
ದಾರದಲ್ಲಿ ಅಳೆದು, ಹುಡುಗನ ಕೈಲಿ
ಗಿಡ್ಡದೊಂದು ತರಿಸಿ ಬಿಗಿದ.

ಗುಜರಿಯವನ ತಕ್ಕಡಿಯಲ್ಲಿ ಐದೂವರೆ ಕೆಜಿ.
ಬೆಲ್ಟಿನ ಕಾಸು ಹುಟ್ಟಿತು, ಮೇಲೆ ಎರಡು ಬನ್ನು.

ಬೆಟ್ಟದ ತಿರುವನ್ನು ಗಾಡಿ
ಮೂರನೇ ಗೇರಿನಲ್ಲೇ ಹತ್ತಿದಾಗ
ನಾನೇ ಸ್ವಲ್ಪ ಬೆಚ್ಚಿದೆ.

ಪಕ್ಕದಲ್ಲಿ ಅತ್ತೆ, ಎಂದಿನಂತೆ,
ಗುಂಡಿ ಒತ್ತಿದರು. ನೀಲಿ ದೀಪ ಹತ್ತಿತು.
ಫ್ಯಾನು ಹೊರಗಿನ ಬಿಸಿಲನ್ನೇ ತಂದು ಮುಖಕ್ಕೆ ಊದಿತು.
"ಈಗ ಸರಿಯಾಯ್ತು ನೋಡು," ಅಂದು
ಸೆರಗು ಹೊದ್ದುಕೊಂಡರು.

ಗಾಜು ಇಳಿಸಲು ಹೋದವಳು
ಇಳಿಸಲಿಲ್ಲ.